ನನ್ನ ಪದ್ಯಗಳು ಅಚ್ಚಾದ ಪಾಡು

ಪದ್ಯ ಬರೆಯುವವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ವಿಳಾಸ ಕೇಳಿಕೊಂಡು ಅದೇ ಮನೆಗೆ ಬರುತ್ತದೆ. ಎಂಬತ್ತರ ದಶಕದಲ್ಲಿ ನಾನು ವಿಜಯನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಮನೆ ಮಾರೇನಹಳ್ಳಿಯಲ್ಲಿ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಅಡುಗೆ ಮುಗಿಸಿ, ಉಳಿದ ಹೊತ್ತಿನಲ್ಲಿ ಪದ್ಯ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಅವು ವಾಪಸ್ ಬರುತ್ತಿದ್ದವು. ಮತ್ತೆ ಕಳಿಸುತ್ತಿದ್ದೆ. ವರ್ಷಗಟ್ಟಲೆ ಇದೇ ಆಯಿತು. ಈಗ ಹೇಳುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ನನಗೆ ನಾನೇ

ಪದ್ಯದ ಜೊತೆ ಸ್ಟಾಂಪ್ ಹಚ್ಚಿ, ನಮ್ಮದೇ ವಿಳಾಸ ಬರೆದ ಕವರ್ ಒಂದನ್ನು ಇಡಬೇಕಿತ್ತು. ಬೇಡವಾದ ಪದ್ಯ ಅದರಲ್ಲೇ ವಾಪಸ್. ನನ್ನವೆಲ್ಲ ಬೇಡವಾದವೇ.

ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದಿದ್ದೆ. ಅತ್ತೆಗೆ ಈ ಪದ್ಧತಿ ಗೊತ್ತಿರಲಿಲ್ಲ. ಸೊಸೆಗೆ ಮೇಲಿಂದ ಮೇಲೆ ಕಾಗದ ಬರುತ್ತೆ, ಮೇಲಿರುವುದು ಸೊಸೆಯದೇ ಅಕ್ಷರ. ಸ್ವಲ್ಪ ದಿನ ನೋಡಿದರು. ಒಂದು ದಿನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು, "ನಿನಗೆ ನೀನೇ ಕಾಗದ ಬರ್ಕೋತೀಯೇನಮ್ಮಾ?"

"ಇಲ್ಲ ಅತ್ತೆ. ಪದ್ಯ ಕಳಿಸಿರ್ತೀನಿ, ಅವರಿಗೆ ಬೇಡ ಅಂದ್ರೆ ವಾಪಸ್ ಬರುತ್ತೆ."

"ಬೇಡ ಅನ್ನೋಕೂ ನಿನ್ನ ಕೈಲೇ ವಿಳಾಸ ಬರೆಸ್ಕೋತಾರಾ?"

"ಹೂಂ."

ಅವರ ಕಣ್ಣಲ್ಲಿ ನೀರು ಬಂತು. ಸಂಜೆ ನನ್ನ ಗಂಡ ಚಪ್ಪಲಿ ಬಿಡುವ ಮುಂಚೆಯೇ ಮಂಗಳಾರತಿ. "ಕಟ್ಕೊಂಡ ಹೆಂಡ್ತಿಗೆ ಒಂದು ಕಾಗದ ಬರೆಯೋಕೆ ನಿನಗೇನೋ ದಾಡಿ?"

ಪಾಪ, ಒಂದೇ ಮನೆಯಲ್ಲಿದ್ದುಕೊಂಡು ಅವರು ನನಗೆ ಇನ್‌ಲ್ಯಾಂಡ್ ಲೆಟರ್ ಬರೆದರು. "ನಾನು ಕ್ಷೇಮ. ಸಂಜೆ ಬರುವಾಗ ಹುರುಳಿಕಾಯಿ ತರುತ್ತೇನೆ." ಪಲ್ಯ ತಿಂದು ಕೈ ತೊಳೆದು ಎಷ್ಟೋ ದಿನವಾದ ಮೇಲೆ ಅದು ನನ್ನ ಕೈ ಸೇರಿತು.

ಭಾನುವಾರವೂ ತೆರೆದಿರುತ್ತದೆ

ನನ್ನ ಪದ್ಯ ಮೊದಲು ಅಚ್ಚಾದದ್ದು ನಮ್ಮ ಬಡಾವಣೆಯ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ. ಅಮ್ಮ ತೀರಿಕೊಂಡ ವರ್ಷ ಅಳುತ್ತಾ ಬರೆದ ಪದ್ಯ. ಹೆಸರು "ಬೀಸುಕಲ್ಲು". ಅದು ಮುಗಿಯುವುದು ಹೀಗೆ:

ಎದೆಯ ತುಂಬ ಕಾಳು ಹೊತ್ತು ನಿಂತಿದ್ದೇನೆ ಅಮ್ಮ,
ಇನ್ನು ಬೀಸಿಕೊಡುವವರು ಯಾರು?

ಕೆಳಗೆ ಫ್ಲೋರ್ ಮಿಲ್ಲಿನ ಜಾಹೀರಾತು. ಪ್ರೆಸ್ಸಿನವರು ನಡುವೆ ಗೆರೆ ಎಳೆಯುವುದನ್ನು ಮರೆತಿದ್ದರು. ಅದೇ ಅಕ್ಷರ, ಅದೇ ಗಾತ್ರ:

ರಾಗಿ, ಗೋಧಿ, ಖಾರದಪುಡಿ ಬೀಸಿಕೊಡಲಾಗುವುದು.
ಭಾನುವಾರವೂ ತೆರೆದಿರುತ್ತದೆ.

ನಮ್ಮ ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆ ಅಷ್ಟನ್ನೂ ಭಾವಪೂರ್ಣವಾಗಿ ಓದಿದರು. "ದುಃಖದಲ್ಲಿ ಶುರುವಾದರೂ ಕೊನೆಯ ಸಾಲಿನಲ್ಲಿ ಭರವಸೆ ಇದೆ" ಅಂದರು. ನಾನು ಅಮ್ಮನನ್ನು ನೆನೆದುಕೊಂಡು ತಲೆ ತಗ್ಗಿಸಿ ನಿಂತಿದ್ದೆ. ವಿನಯ ಅಂದುಕೊಂಡರು.

ಆ ವಾರ ಗೋಧಿ ಬೀಸಿಸಲು ಹೋದರೆ ಮಿಲ್ಲಿನ ಯಜಮಾನರು ಎದ್ದು ನಿಂತರು. "ಬನ್ನಿ ಟೀಚರಮ್ಮ, ಬನ್ನಿ. ಮುಂದಿನ ವರ್ಷ ಕಾಫಿಪುಡಿ ಮಿಷನ್ನೂ ಹಾಕ್ತಾ ಇದೀನಿ. ಅದನ್ನೂ ಒಂದು ಸಾಲು ಸೇರಿಸ್ಬಿಡಿ."

ಮುತ್ತು ಪೋಣಿಸಿದ ಹಾಗೆ

ಕಳಿಸಿ ಕಳಿಸಿ ಸಾಕಾಗಿ, ಒಂದು ಶನಿವಾರ ಸ್ಕೂಲ್ ಬಿಟ್ಟ ಮೇಲೆ ಬಸ್ ಹತ್ತಿ ವಾರಪತ್ರಿಕೆಯೊಂದರ ಆಫೀಸಿಗೇ ಹೋದೆ. ಬ್ಯಾಗಿನಲ್ಲಿ ಹೊಸ ಪದ್ಯ. ಹೆಸರು ಹೇಳಿದ ಕೂಡಲೇ ಸಂಪಾದಕರ ಮುಖ ಅರಳಿತು.

"ಓ, ನೀವೇನಾ! ಕೂತ್ಕೊಳ್ಳಿ ಕೂತ್ಕೊಳ್ಳಿ. ನಮ್ಮ ಆಫೀಸಿನಲ್ಲಿ ನಿಮ್ಮನ್ನ ನೆನೆಸ್ಕೊಳ್ಳದ ದಿನ ಇಲ್ಲ."

ನಾನು ಸೆರಗು ಸರಿಮಾಡಿಕೊಂಡು ಕೂತೆ. ಕಾಫಿ ಬಂತು.

"ಎಂಥಾ ಅಕ್ಷರ ರೀ ನಿಮ್ಮದು! ಮುತ್ತು ಪೋಣಿಸಿದ ಹಾಗೆ." ಡ್ರಾಯರಿನಿಂದ ಒಂದಷ್ಟು ಹಾಳೆ ತೆಗೆದರು. "ಇವರು ದೊಡ್ಡ ಕವಿಗಳು. ಬರೆದಿರೋದು ನಮ್ಮ ಕಂಪೋಸಿಟರ್‌ಗೆ ಒಂದಕ್ಷರ ಅರ್ಥ ಆಗ್ತಿಲ್ಲ. ನೀವೊಂದು ಶುದ್ಧ ಪ್ರತಿ ಮಾಡ್ಕೊಡ್ತೀರಾ?"

ಮಾಡಿಕೊಟ್ಟೆ. ಸಂಜೆಯಾಯಿತು. ನನ್ನ ಪದ್ಯ ಬ್ಯಾಗಿನಲ್ಲೇ ಉಳಿಯಿತು, ತೆಗೆಯಲು ನಾಚಿಕೆ. ಅವರು ಬಾಗಿಲ ತನಕ ಬಂದು, "ಬರೀತಾ ಇರಿ" ಅಂದರು.

ನನ್ನದನ್ನೋ, ಅವರದನ್ನೋ ಅಂತ ಕೇಳಬೇಕಿತ್ತು.

ಮೀಸೆ

ಆಮೇಲೆ ನನ್ನ ಎಷ್ಟೋ ಪದ್ಯ ಅಚ್ಚಾದವು. ಅಪ್ಪ ನೋಡಿದ್ದು ಮಾತ್ರ ಒಂದೇ ಒಂದು.

ಅಪ್ಪ ರಾಜಾಜಿನಗರದಲ್ಲಿದ್ದರು, ಫ್ಯಾಕ್ಟರಿಯಿಂದ ರಿಟೈರ್ ಆಗಿದ್ದರು. ಎರಡೂ ಕಣ್ಣಿಗೆ ಪೊರೆ. ಪದ್ಯ ವಾಪಸ್ ಬಂದಾಗಲೆಲ್ಲ, "ಅವರಿಗೆ ಹಣೇಲಿ ಬರ್ದಿಲ್ಲ, ಇನ್ನೊಬ್ಬರಿಗೆ ಕಳಿಸು" ಅನ್ನುತ್ತಿದ್ದರು. ಕೊನೆಗೊಮ್ಮೆ ಒಂದು ವಾರಪತ್ರಿಕೆಯಿಂದ ಪದ್ಯ ಒಪ್ಪಿಗೆಯಾಗಿದೆ, ಫೋಟೋ ಕಳಿಸಿ ಅಂತ ಕಾರ್ಡು ಬಂತು. ರೇಷ್ಮೆ ಸೀರೆ ಉಟ್ಟು, ಸ್ಟುಡಿಯೋಗೆ ಹೋಗಿ ತೆಗೆಸಿ ಕಳಿಸಿದೆ.

ಪತ್ರಿಕೆ ಬಂದ ದಿನ ತೆರೆದು ನೋಡಿದರೆ ನನ್ನ ಪದ್ಯ, ನನ್ನ ಹೆಸರು, ಮಧ್ಯೆ ಹುರಿ ಮೀಸೆಯ, ಗಂಟು ಮುಖದ ಒಬ್ಬ ಗಂಡಸು. ಎದುರು ಪುಟದಲ್ಲಿ "ಸೀಮೆ ಹಸುವಿನ ಕೆಚ್ಚಲು ಬಾವು: ನನ್ನ ಅನುಭವ" ಅನ್ನುವ ಲೇಖನದ ಮೇಲೆ ರೇಷ್ಮೆ ಸೀರೆಯಲ್ಲಿ ನಾನು ನಗುತ್ತಿದ್ದೆ.

ಅಳು ನುಂಗಿಕೊಂಡು ಅಪ್ಪನ ಮನೆಗೆ ಓಡಿದೆ. ಅಷ್ಟರಲ್ಲಿ ಅವರೇ ಒಂದು ಪ್ರತಿ ತರಿಸಿ, ಕಂಕುಳಲ್ಲಿಟ್ಟುಕೊಂಡು ಬೀದಿಯೆಲ್ಲ ಸುತ್ತಿ ಬಂದಿದ್ದರು. ಹಾಲಿನ ಬೂತು, ದಿನಸಿ ಅಂಗಡಿ, ಕಟಿಂಗ್ ಶಾಪು, ಯಾವುದನ್ನೂ ಬಿಟ್ಟಿರಲಿಲ್ಲ. "ನನ್ನ ಮಗಳು ನೋಡಿ, ಫೋಟೋನೂ ಹಾಕಿದಾರೆ!" ಅಂತ ಎಲ್ಲರ ಮುಂದೆ ಹಿಡಿದಿದ್ದರು. ಪೊರೆ ಬಂದ ಆ ಕಣ್ಣು ನೋಡಿ ಯಾರಿಗೂ ನಿಜ ಹೇಳುವ ಮನಸ್ಸಾಗಲಿಲ್ಲ. ಕಟಿಂಗ್ ಶಾಪಿನವನಂತೂ, "ಥೇಟ್ ನಿಮ್ಮದೇ ಕಳೆ ಸಾರ್" ಅಂದನಂತೆ. ಬೀದಿಯವರೆಲ್ಲ ಅದನ್ನೇ ಹೇಳಿದರಂತೆ. ಅಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಕೆಲವು ತಿಂಗಳಿಗೆ ಕಣ್ಣಿನ ಆಪರೇಷನ್ ಆಯಿತು. ದಪ್ಪ ಕನ್ನಡಕ ಬಂದ ದಿನ ಅವರು ಮೊದಲು ಕೇಳಿದ್ದು ಆ ಪತ್ರಿಕೆಯನ್ನೇ. ಕೊಡದೆ ವಿಧಿ ಇರಲಿಲ್ಲ. ಬೆರಳಿಟ್ಟು ಪದ್ಯವನ್ನು ಎರಡು ಸಲ ಓದಿದರು. "ಚೆನ್ನಾಗಿ ಬರ್ದಿದೀಯ ಕಣೇ" ಅಂದರು. ಆಮೇಲೆ ಫೋಟೋ ನೋಡಿದರು. ನನ್ನನ್ನು ನೋಡಿದರು. ಎದ್ದು ಹೋಗಿ ಗೋಡೆಯ ಕನ್ನಡಿಯಲ್ಲಿ ಬಹಳ ಹೊತ್ತು ತಮ್ಮ ಮುಖ ನೋಡಿಕೊಂಡು ನಿಂತರು.

"ಬೀದಿಯವರೆಲ್ಲ ಥೇಟ್ ನನ್ನ ಹಾಗೇ ಇದೆ ಅಂದ್ರು," ಅಂದರು ಮೆಲ್ಲಗೆ. "ನಾನು ಇಷ್ಟು ಕೆಟ್ಟದಾಗಿದೀನೇನೇ?"