ಡಕೋಟಾ ವಿಮಾನವೂ ಮಾವನ ಎಲೆತೋಟವೂ

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನಾಗ ಚಾಮರಾಜನಗರದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟರು. ಅಶೋಕನಿಂದ ಹಿಡಿದು ಟಿಪ್ಪುವಿನವರೆಗೆ ಎಲ್ಲರ ಚರಿತ್ರೆಯನ್ನೂ ಬೇರೆಯವರೇ ಬರೆದು ಮುಗಿಸಿಬಿಟ್ಟಿದ್ದರು. ನನಗೆಂದು ಯಾರೂ ಏನನ್ನೂ ಉಳಿಸಿರಲಿಲ್ಲ! ಈ ಕೊರಗು ಗುಂಡ್ಲುಪೇಟೆಯ ಒಂದು ಹೋಟೆಲಿನಲ್ಲಿ ಕೊನೆಗೊಂಡಿತು.

ಸ್ನೇಹಿತರ ಮದುವೆ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಾ ಅಲ್ಲಿ ಕಾಫಿ ಕುಡಿಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮೇಜಿಗೆ ಒಂದು ಬಿಳಿ ತಗಡು ಹೊಡೆದಿತ್ತು. ತಳತಳ ಹೊಳೆಯುತ್ತಿತ್ತು. ಅಂಚಿನುದ್ದಕ್ಕೂ ಸಾಲಾಗಿ ರಿವೆಟ್ಟುಗಳು. ಇದೇನೆಂದು ಮಾಲೀಕ ಕುಟ್ಟಪ್ಪನ್‌ನನ್ನು ಕೇಳಿದೆ. ಅವನು ವಯನಾಡಿನಿಂದ ಬಂದು ನೆಲೆಸಿದವನು.

"ಸಾರೇ, ಅದು ವಿಮಾನದ ತಗಡು! ಯುದ್ಧದ ಕಾಲದಲ್ಲಿ ಮಿಲಿಟರಿ ಸಾಮಾನು ಸಾಗಿಸೋ ಡಕೋಟಾ ಒಂದು ಹರವೆ ಹತ್ರ ಇಳಿದದ್ದು. ಅದರದು. ನಾನು ಇಲ್ಲಿ ಸಂತೆಯಲ್ಲಿ ತಗೊಂಡದ್ದು," ಎಂದ.

ಹರವೆ! ನನ್ನ ಹೆಂಡತಿ ನಾಗರತ್ನಳ ತವರೂರು! ಅಲ್ಲಿ ಎಷ್ಟು ಹಬ್ಬದೂಟ ಉಂಡಿದ್ದೆನೋ! ಊಟದ ಭರದಲ್ಲಿ ವಿಮಾನದ ಸುದ್ದಿ ಕಿವಿಗೇ ಬಿದ್ದಿರಲಿಲ್ಲ. ಕಾಫಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

"ನಾಗೂ! ನಿಮ್ಮೂರಿಗೆ ಡಕೋಟಾ ಬಂದಿತ್ತಂತೆ!"

"ಬಂದಿತ್ತಂತೆ. ನಾನಾಗ ಚಂದಕವಾಡಿಲಿ ಅಜ್ಜಿ ಮನೇಲಿದ್ದೆ. ಈಗೇನು?"

"ಅದರ ಚರಿತ್ರೆ ಬರೀತೀನಿ!"

"ಬರೀರಿ. ಬರೋವಾಗ ಅಮ್ಮನ ಹತ್ರ ಒಂದು ಕುಂಬಳಕಾಯಿ ಇಸ್ಕೊಂಡು ಬನ್ನಿ."

ಭಾನುವಾರವೇ ಹರವೆಗೆ ಹೊರಟೆ. ಸಂಶೋಧಕನಿಗೆ ತಕ್ಕ ವೇಷ ಬೇಡವೇ? ಪಕ್ಕದ ಮನೆಯವರ ಹತ್ತಿರವಿದ್ದ, ಬ್ರಿಟಿಷ್ ದೊರೆಗಳು ಹಾಕುವಂಥ ಸೋಲಾರ್ ಟೋಪಿ ಎರವಲು ಪಡೆದೆ. ಸ್ಕೂಲಿನಿಂದ ಅಳತೆಯ ಟೇಪು ಮತ್ತು ಆಟದ ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ತಂದೆ. ನನ್ನ ಜೀವಮಾನದಲ್ಲಿ ಇಷ್ಟು ಸಿದ್ಧತೆ ಮಾಡಿಕೊಂಡು ನಾನು ಯಾವ ಕೆಲಸವನ್ನೂ ಕೆಡಿಸಿರಲಿಲ್ಲ!

ಹರವೆಯ ಅರಳಿಕಟ್ಟೆಯಲ್ಲಿ ಕುಳಿತಿದ್ದವರನ್ನು, "ವಿಮಾನ ಎಲ್ಲಿ ಇಳಿಯಿತು?" ಎಂದು ಕೇಳಿದೆ. ಅವರು ನನ್ನ ಟೋಪಿ ನೋಡಿದರು, ಟೇಪು ನೋಡಿದರು. ಆಮೇಲೆ ಒಬ್ಬ ಪೂರ್ವಕ್ಕೆ ಕೈ ತೋರಿಸಿದ, ಇನ್ನೊಬ್ಬ ಪಶ್ಚಿಮಕ್ಕೆ. ಮೂರನೆಯವನು ಆಕಾಶಕ್ಕೆ.

ಸರಿ, ಬುದ್ಧಿಯನ್ನೇ ಉಪಯೋಗಿಸಬೇಕಾಯಿತು. ನಾನೇ ವಿಮಾನವಾಗಿದ್ದರೆ ಎಲ್ಲಿ ಇಳಿಯುತ್ತಿದ್ದೆ? ಊರಾಚೆ ಚಿಕ್ಕಣ್ಣ ಎಂಬ ರೈತನ ಹೊಲವಿತ್ತು. ಮರವಿಲ್ಲ, ಗಿಡವಿಲ್ಲ, ಬರೀ ಕಲ್ಲು. ಹುರುಳಿ ಕೂಡ ಬೇಸರದಿಂದಲೇ ಬೆಳೆಯುತ್ತಿತ್ತು. ಎರಡು ಕೈಗಳನ್ನೂ ರೆಕ್ಕೆಯಂತೆ ಚಾಚಿ ಆ ಹೊಲದಲ್ಲಿ ಈ ಕೊನೆಯಿಂದ ಆ ಕೊನೆಗೆ ಓಡಿದೆ. ಆಹಾ! ಇಲ್ಲೇ ಇಳಿದದ್ದು, ಸಂಶಯವೇ ಇಲ್ಲ! ಟೇಪು ಹಿಡಿದು ಅಳೆದೆ. ಚಕ್ರ ಹರಿದ ದಾರಿಗೆಂದು ಸುಣ್ಣದ ಗೆರೆ ಎಳೆದೆ. ತಲೆಯೆತ್ತಿದರೆ ಇಡೀ ಊರು ಬದುವಿನ ಮೇಲೆ ನಿಂತಿದೆ!

ಸಭೆ ಕಂಡರೆ ಸುಮ್ಮನಿರುವ ಮೇಷ್ಟರು ಯಾರಿದ್ದಾರೆ? "ಮಹನೀಯರೇ! ಇದು ಸಾಮಾನ್ಯ ನೆಲವಲ್ಲ! ಮುಂದೊಂದು ದಿನ ದೇಶದ ದೊಡ್ಡ ದೊಡ್ಡವರೆಲ್ಲ ಈ ಜಾಗಕ್ಕೆ ಬಂದಿಳಿಯುತ್ತಾರೆ!" ಎಂದುಬಿಟ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕಣ್ಣನ ಮುಖ ಮಾತ್ರ ಬಿಳಿಚಿಕೊಂಡಿತು.

ಅತ್ತೆಮನೆಗೆ ಬಂದಾಗ ಮಾವ ಸಿದ್ದಪ್ಪನವರು ನನ್ನನ್ನು ಹಿತ್ತಲಿಗೆ ಕರೆದು, ದನಿ ತಗ್ಗಿಸಿ ಕೇಳಿದರು: "ಅಳಿಯಂದ್ರೇ, ನಂಗಾದ್ರೂ ನಿಜ ಯೋಳಿ. ಇಮಾನ್ದ ಟೇಸನ್ನಾ?"

"ಅಯ್ಯೋ, ಅಂಥಾದ್ದೇನೂ ಇಲ್ಲ ಮಾವ!"

ಮಾವ ಕಣ್ಣು ಮಿಟುಕಿಸಿದರು. "ಆಯ್ತು ಬುಡಿ. ಗೊತ್ತಾಯ್ತು."

ಏನು ಗೊತ್ತಾಯಿತೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಊರಿಗೆ ವಾಪಸು ಬಂದು ವಾಚನಾಲಯದಲ್ಲಿ ಉಪನ್ಯಾಸ ಕೊಡುವುದಾಗಿ ಸಾರಿದೆ. ಖುಷಿಯಿಂದ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ!

ವಾರ ಕಳೆಯುವಷ್ಟರಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಾ ನಮ್ಮ ಮನೆಗೆ ಬಂದಿಳಿದರು.

"ನಾಗೂ, ನಿಮ್ಮಪ್ಪ ಎಲೆತೋಟವ ಚಿಕ್ಕಣ್ಣಂಗೆ ಕೊಟ್ಬುಟ್ಟು ಅವನ ಕಲ್ಲೊಲವ ಈಸ್ಕೊಂಡವ್ರ ಕಣವ್ವ! ಅಲ್ಲಿಗೆ ಇಮಾನ್ದ ಟೇಸನ್ನು ಬತ್ತದಂತ. ಅಳಿಯಂದ್ರೇ ಗೆರೆ ಹಾಕವ್ರಂತ!"

ಆ ವೀಳ್ಯದೆಲೆ ತೋಟ ಮಾವನ ಮನೆಯ ಅನ್ನದ ಬಟ್ಟಲು. ಅದನ್ನು ಕೊಟ್ಟು ಕಲ್ಲು ತೆಗೆದುಕೊಂಡಿದ್ದಾರೆ! ಸರ್ಕಾರ ಹೊಲ ಕಿತ್ತುಕೊಳ್ಳುತ್ತದೆಂದು ಚಿಕ್ಕಣ್ಣ ಹೆದರಿದ್ದ. ಸರ್ಕಾರ ಕೈತುಂಬ ಪರಿಹಾರ ಕೊಡುತ್ತದೆಂದು ಮಾವ ಹಿಗ್ಗಿದ್ದರು. ತಾಂಬೂಲ ಬದಲಾಗಿತ್ತು. ರಿಜಿಸ್ಟ್ರಿಯೊಂದು ಬಾಕಿ. ನಾಗರತ್ನ ಅಮ್ಮನಿಗೆ ನೀರು ತಂದುಕೊಟ್ಟಳು. ನನ್ನನ್ನು ನೋಡಿದಳು, ಅಷ್ಟೇ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಮಾರನೆಯ ದಿನವೇ ಹರವೆಯಲ್ಲಿ ಪಂಚಾಯಿತಿ ಸೇರಿತು. ಊರ ಯಜಮಾನ ಮಾದಪ್ಪನವರು ಜಗಲಿಯ ಮೇಲೆ ಕುಳಿತರು. ನಾನು ಎದ್ದು ನಿಂತು, ವಿಮಾನ ನಿಲ್ದಾಣ ಬರುವುದಿಲ್ಲ, ನಾನು ಸರ್ಕಾರದ ಪರವಾಗಿ ಬಂದವನಲ್ಲ ಎಂದು ಆಣೆಯಿಟ್ಟು ಹೇಳಿದೆ.

ಮಾವನೇ ಎದ್ದು ವಿರೋಧಿಸಿದರು! "ನೋಡುದ್ರಾ? ಒಳಗಿನ್ ಕೆಲ್ಸ್‌ದಲ್ಲಿರೋರು ಯಾರ್ ತಾನೇ ಊಂ ಅಂದಾರು? ಯಾರ್ಗೂ ಅನ್ಮಾನ ಬರ್ದಿರ್ಲಿ ಅಂತ ಸರ್ಕಾರ ಊರಳಿಯನ್ನೇ ಕಳಿಸ್ಬುಟ್ಟದ!"

"ಮಾವ, ನಾನು ಬರೀ ಮೇಷ್ಟರು!"

"ಸುಣ್ಣ ಯಾರ್ದು?" ಯಜಮಾನರು ಕೇಳಿದರು.

"ಸ್ಕೂಲಿಂದು."

"ಸ್ಕೂಲ್ ಯಾರ್ದು?"

"ಸರ್ಕಾರದ್ದು."

"ಆಂ!" ಎಂದಿತು ಸಭೆ.

ಮುಗಿಯಿತು! ನಾನು ಅಲ್ಲವೆಂದಷ್ಟೂ ಅವರಿಗೆ ಹೌದೆನಿಸುತ್ತಿತ್ತು. ಕೊನೆಗೆ ಕಂಬದ ಪಕ್ಕದಲ್ಲಿ ನಿಂತಿದ್ದ ನಾಗರತ್ನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಯಜಮಾನ್ರೇ, ನಾನೊಂದ್ ಮಾತ್ ಹೇಳ್ತೀನಿ. ಸರ್ಕಾರ ಇವ್ರ ಕೈಗೆ ಗುಟ್ಟಿನ ಕೆಲ್ಸ ಕೊಟ್ಟದಾ? ಸ್ಕೂಲಲ್ಲಿ ನಕ್ಷೆ ಇಡೋ ಬೀರೂದು ಬೀಗದಕೈನೇ ಇವ್ರಿಗೆ ಕೊಡಲ್ಲ. ಹೋದ್ ವರ್ಷ ಮಕ್ಳ ಮೈಸೂರಿಗೆ ಕರ್ಕೊಂಡೋದ್ರು. ನಂಜನಗೂಡಲ್ಲೇ ಇಳ್ಸಿ, ಇದೇ ಮೈಸೂರು ಅಂದ್ಬುಟ್ಟು, ಸಾಯಂಕಾಲದ್ ಗಂಟ ಅರಮನೆ ಹುಡುಕವ್ರೆ! ಈಗ ನಾನು ಕುಂಬಳಕಾಯಿ ತನ್ನಿ ಅಂತ ಕಳಿಸ್ದೆ. ಇಲ್ಲಿ ಇಮಾನ್ದ ಟೇಸನ್ ಕಟ್ಬುಟ್ಟು ಬರಿಗೈಲಿ ಬಂದ್ರು!"

ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಿಜವಾ ಅಳಿಯಂದ್ರೇ? ನಂಜನಗೂಡಲ್ಲಿ ಅರಮನೆ ಹುಡುಕುದ್ರಾ?"

"ಹುಡುಕಿದೆ ಮಾವ."

ಮಾವನ ಮುಖದಲ್ಲಿದ್ದ ವಿಮಾನ ನಿಲ್ದಾಣ ಅಲ್ಲೇ ಕುಸಿದುಬಿತ್ತು. ಯಜಮಾನರು ತೀರ್ಪು ಕೊಟ್ಟರು: ಮೇಷ್ಟ್ರ ಕೈಲಿ ಏನೂ ಆಗದು, ಆದ್ದರಿಂದ ಜಮೀನಿನ ಅದಲುಬದಲು ರದ್ದು. ಸಭೆಗೆ ಸಭೆಯೇ ಒಪ್ಪಿತು. ನನ್ನ ವಿಷಯದಲ್ಲಿ ಹತ್ತು ಜನ ಒಂದೇ ಮಾತಿಗೆ ಬಂದದ್ದು ಅದೇ ಮೊದಲು.

ಚಿಕ್ಕಣ್ಣನೂ ತಕರಾರು ಮಾಡಲಿಲ್ಲ. "ಹೊಲ ಉಳುದ್ರ ಸಾಕು ಬುಡಿ. ಆ ಎಲೆಬಳ್ಳಿಗ ನೀರೊತ್ತು ನೀರೊತ್ತು ನನ್ ಸೊಂಟ ಬಿದ್ದೋಯ್ತು!" ಎಂದ. ಅತ್ತೆಯ ಮುಖದಲ್ಲಿ ಮತ್ತೆ ಕಳೆ ಬಂತು.

ಆಮೇಲೆ ಒಂದು ಸೋಜಿಗ ನಡೆಯಿತು. ಕಾಫಿ ಬಂತು, ಎಲೆಯಡಿಕೆ ಬಂತು, ಒಬ್ಬೊಬ್ಬರಾಗಿ ವಿಮಾನದ ಮಾತು ತೆಗೆದರು! ಆ ಡಕೋಟಾ ಕೊಯಮತ್ತೂರಿನ ಕಡೆಯಿಂದ ಸಾಮಾನು ಹೇರಿಕೊಂಡು ಬಂದಿತ್ತಂತೆ. ಮಂಜಿನಲ್ಲಿ ದಾರಿ ತಪ್ಪಿ ಕೆರೆಯಂಗಳದಲ್ಲಿ ಇಳಿಯಿತಂತೆ. ಚಕ್ರ ಕೆಸರಲ್ಲಿ ಹೂತುಹೋಗಿ, ಊರಿನ ಎತ್ತುಗಳನ್ನೆಲ್ಲ ಕಟ್ಟಿ ಎಳೆದರಂತೆ! ವಿಮಾನಕ್ಕೆ ಎತ್ತು ಹೂಡಿದ್ದನ್ನು ಹೇಳುವಾಗ ಯಜಮಾನರ ಮೀಸೆಯೂ ಕುಣಿಯುತ್ತಿತ್ತು. ಮಿಲಿಟರಿಯವರು ಹರಿದ ತಗಡನ್ನು ಬದಲಾಯಿಸಿ ಹಾರಿಹೋದರು. ಹಳೆಯ ತಗಡು ಗುಂಡ್ಲುಪೇಟೆಯ ಸಂತೆ ಸೇರಿತು.

"ಕೆರೆಯಂಗಳವೇ? ಚಿಕ್ಕಣ್ಣನ ಹೊಲ ಅಲ್ಲವೇ? ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ.

"ಅವತ್ತು ನೀವು ಸರ್ಕಾರ್ದೋರು ಅನ್ಕೊಂಡಿದ್ದೊ ಮೇಷ್ಟ್ರೇ," ಎಂದರು ಯಜಮಾನರು. "ಸುಣ್ಣ ಬೇರೆ ಹಾಕ್ತಿದ್ರಿ. ತಪ್ಪು ಅನ್ನಕ್ಕ ನಾವ್ಯಾರು? ಈಗ ನೀವು ಏನೂ ಅಲ್ಲ ಅಂತ ಗೊತ್ತಾಯ್ತಲ್ಲ, ಧೈರ್ಯ ಬಂತು."

ಎಲ್ಲರಿಗೂ ಕೈಮುಗಿದು ನಾಗರತ್ನಳ ಹಿಂದೆ ಬಸ್ಸಿಗೆ ನಡೆದೆ. ಕಂಡಕ್ಟರು ಬಂದು ಎಷ್ಟು ಟಿಕೆಟ್ ಎಂದ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು:

"ಒಂದೂವರೆ ಕೊಡಪ್ಪ."

ಅವನು ಪಾಪ, ಮಗು ಎಲ್ಲಿದೆಯೆಂದು ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. ನಾನು ಮೆಲ್ಲಗೆ ಕೈ ಎತ್ತಿದೆ.