ಎದೆಬಡಿತಕ್ಕೆ ಪ್ರೇಮವೆಂದು ಹೆಸರಿಟ್ಟವನಿಂದ ಥೈರಾಯ್ಡ್ ಗುಳಿಗೆಗೆ

ಮಾನ್ಯ ಗುಳಿಗೆಯವರೇ,

ದಿನವೂ ಕಾಫಿಗಿಂತ ಮೊದಲು, ಖಾಲಿ ಹೊಟ್ಟೆಯಲ್ಲಿ ತಮ್ಮನ್ನು ಬರಮಾಡಿಕೊಳ್ಳುವ ಈ ಗಡಿಯಾರ ರಿಪೇರಿಯವನ ಸವಿನಯ ವಂದನೆಗಳು.

ತಾವು ದಯಮಾಡಿಸುವ ಮುನ್ನ ನಾನು ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ತೂಕಡಿಸುತ್ತಿದ್ದೆ. "ಊರಿಗೆಲ್ಲ ಟೈಮ್ ಸರಿಮಾಡ್ತೀಯ, ನೀನು ಮಾತ್ರ ಯಾವಾಗ್ಲೂ ಲೇಟು" ಎಂದು ಅಕ್ಕ ರೇಗುತ್ತಿದ್ದಳು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ತಮ್ಮನ್ನು ಬರೆದುಕೊಟ್ಟ ಮೇಲೆ, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುವಷ್ಟು ಹುರುಪು ಬಂತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ, ಸ್ವಾಮಿ? ಪಕ್ಕದಂಗಡಿಯಲ್ಲಿ ಬಟ್ಟೆ ಹೊಲಿಯುವ ವಿಧವೆ, ಬಿದ್ದ ಸೂಜಿ ಹುಡುಕಲು ನನ್ನ ಅಯಸ್ಕಾಂತ ಕೇಳಿಕೊಂಡು ವರ್ಷಗಳಿಂದ ಬರುತ್ತಿದ್ದವರು, ಒಂದು ದಿನ ಬಾಗಿಲಲ್ಲಿ ನಿಂತದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಂಡು, ಅಂಗೈ ಬೆವೆತು, ಚಿಮಟದಲ್ಲಿದ್ದ ಸ್ಕ್ರೂ ಹಾರಿಹೋಯಿತು. ಐವತ್ತು ದಾಟಿದ ನಾನು ಇದನ್ನು ಪ್ರೇಮವೆಂದು ತೀರ್ಮಾನಿಸಿ, ಅವರು ಯಾರದೋ ತೋಳಿನ ಅಳತೆ ತೆಗೆಯುತ್ತಿದ್ದಾಗಲೇ ನುಗ್ಗಿ, "ನಿಮ್ಮನ್ನ ಕಂಡ್ರೆ ಎದೆ ಹೊಡ್ಕೊಳ್ಳುತ್ತೆ, ಮದುವೆ ಆಗ್ತೀರಾ?" ಎಂದೆ. ಅವರು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಮೊದಲು ಡಾಕ್ಟರ್ ಹತ್ರ ಹೋಗಿ" ಎಂದರು.

"ಡೋಸ್ ಜಾಸ್ತಿಯಾಗಿದೆ. ಅಡ್ರಿನಲಿನ್ ಎಂದಿನಷ್ಟೇ ಇದೆ, ಅದನ್ನ ಕೇಳಿಸಿಕೊಳ್ಳೋ ನಿಮ್ಮ ಹೃದಯದ ಕಿವಿ ಚುರುಕಾಗಿದೆ, ಪಿಸುಗುಟ್ಟಿದ್ರೂ ಕೂಗಿದ ಹಾಗೆ" ಎಂದರು ಡಾಕ್ಟರಮ್ಮ. "ಯಾರನ್ನ ನೋಡಿದ್ರೂ ಹೀಗೇನಾ?" ಎಂದೆ. "ನಾಯಿ ಬೊಗಳಿದ್ರೂ ಅಷ್ಟೇ" ಎಂದರು. ನಿಜ ಹೇಳಬೇಕೆಂದರೆ, ಆ ವಾರ ಅಂಚೆಯವನನ್ನು ಕಂಡಾಗಲೂ ನನ್ನೆದೆ ಅಷ್ಟೇ ನಿಷ್ಠೆಯಿಂದ ಹೊಡೆದುಕೊಂಡಿತ್ತು.

ತಮ್ಮ ಪ್ರಮಾಣ ತಗ್ಗಿತು, ಬೆರಳು ಹಿಡಿತಕ್ಕೆ ಬಂತು, ಎದೆ ತೆಪ್ಪಗಾಯಿತು. ಆದರೆ ಹೊಲಿಗೆಯವರು ಜ್ವರದಿಂದ ಅಂಗಡಿ ತೆರೆಯದ ದಿನ, ಗೋಡೆಯಾಚೆಯ ಹೊಲಿಗೆ ಮಿಷನ್ನಿನ ಸದ್ದಿಗಾಗಿ ಕಿವಿಯಾನಿಸಿಕೊಂಡು ಕೆಲಸವೇ ಮರೆತೆನಲ್ಲ, ಅದು ಯಾವ ಡೋಸಿನ ಪರಿಣಾಮವೆಂದು ತಾವೇ ಅಪ್ಪಣೆ ಕೊಡಿಸಬೇಕು. ಇನ್ನು ಮುಂದೆ ಎದೆ ಬಡಿಸುವಾಗ, ಅದು ತಮ್ಮ ಬಡಿತವೋ ನನ್ನದೋ ಎಂದು ಮುಂಚಿತವಾಗಿ ತಿಳಿಸುವ ಕೃಪೆಯಾಗಬೇಕು.

ಅವರು ಅಂಗಡಿಗೆ ಮರಳಿದೊಡನೆ ಹೋಗಿ ನಿಂತೆ. "ಈಗ ಎದೆ ಹೊಡ್ಕೊಳ್ಳಲ್ಲ. ಆದ್ರೂ ಕೇಳ್ತಿದೀನಿ" ಎಂದೆ. ಅವರು ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿಟ್ಟು, "ಹಾಗಾದ್ರೆ ಕೂತ್ಕೊಳ್ಳಿ, ಮಾತಾಡೋಣ" ಎಂದರು.

ಇಂತಿ, ಕಡಿಮೆ ಡೋಸಿನ
ತಮ್ಮ ವಿಶ್ವಾಸಿ

ತಾ.ಕ.: ಅವರು ಒಪ್ಪಿದ್ದಾರೆ. ಈ ಸಂಬಂಧ ಕೂಡಿಸಿದವರು ತಾವೇ ಎಂದು ಎಲ್ಲೂ ಹೇಳಿಕೊಂಡು ತಿರುಗಬೇಡಿ. ಆ ಕೆಲಸವನ್ನು ಅಕ್ಕ ಈಗಾಗಲೇ ಬೀದಿಯುದ್ದಕ್ಕೂ ಮಾಡುತ್ತಿದ್ದಾಳೆ.