ನಕ್ಷತ್ರದವನ ತಗಡಿನ ಅಂಗಿ

ತಗಡಿನ ಅಂಗಿ ತೊಟ್ಟ ಮನುಷ್ಯ ರಸ್ತೆಗೆ ಇಳಿದನೆಂದರೆ ಏನಾದರೊಂದು ನಡೆದೇ ನಡೆಯುತ್ತದೆ. ಅದನ್ನು ತಡೆಯುವುದು ನನ್ನ ಕೈಲಿ ಎಂದೂ ಆಗಲಿಲ್ಲ. ಬೇರೆ ಲೋಕದವರ ವೇಷ ಕಟ್ಟಲು ಹೊರಟ ಹೊಸಬರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕವಚ ಹೇಗೆ ಮಾಡಬೇಕು, ತೊಟ್ಟವರು ಹೇಗೆ ನಡೆಯಬೇಕು ಎಂದೆಲ್ಲ ಕೇಳುತ್ತಾರೆ. ನಾನು ನಮಗೆ ಏನೇನಾಯಿತು ಎಂದು ಹೇಳಿ ಕಳಿಸುತ್ತೇನೆ. ಬುದ್ಧಿ ಬೇಕಾದವರು ಅದರಲ್ಲೇ ಆರಿಸಿಕೊಳ್ಳಲಿ.

ಅರವತ್ತರ ದಶಕ. ತಮಿಳು ಸೀಮೆಯಲ್ಲಿ, ಬೆಟ್ಟಗಳ ನಡುವಿನ ತೇನಿಯಲ್ಲಿ ನನ್ನದೊಂದು ತಗಡಿನ ಅಂಗಡಿ. ಬಕೆಟ್ಟು, ಆಲಿಕೆ, ಟ್ರಂಕು ಮಾಡುತ್ತಿದ್ದೆ. ಆಗ ಪೇಪರು ಬಿಡಿಸಿದರೆ ರಾಕೆಟ್ಟು, ಟೀ ಅಂಗಡಿಯಲ್ಲಿ ಕೂತರೆ ಚಂದ್ರನ ಮಾತು. ಲೋಟ ಕೈಯಲ್ಲಿ ಹಿಡಿದವರು ಕುಡಿಯುವುದನ್ನು ಮರೆತು ಮೇಲೆ ನೋಡುತ್ತಿದ್ದ ಕಾಲ ಅದು. ಒಂದು ದಿನ ಪೆರಿಯಕುಳಂನಿಂದ ಒಬ್ಬರು ವಿಜ್ಞಾನದ ಮೇಷ್ಟ್ರು ಅಂಗಡಿಗೆ ಬಂದರು. ನಕ್ಷತ್ರದಿಂದ ಒಬ್ಬ ನಮ್ಮ ಕಣಿವೆಗೆ ಇಳಿದು ಬರುವಂತೆ ತಮಿಳಿನಲ್ಲಿ ನಾಟಕ ಬರೆದಿದ್ದರಂತೆ.

"ಏನು ಬೇಕು ಸಾರ್, ಬಕೆಟ್ಟಾ?" ಅಂದೆ.

"ಬಕೆಟ್ಟಲ್ಲಪ್ಪ. ನಕ್ಷತ್ರದವನು ಬೇಕು."

"ಯಾವ ಸೈಜು ಸಾರ್?"

ಮೇಷ್ಟ್ರು ಬೀದಿಯ ಆಚೆ ಬದಿಗೆ ಕೈ ತೋರಿಸಿದರು. ಅಲ್ಲಿ ಬಾಳೆಕಾಯಿ ಮಂಡಿಯ ಬಾಗಿಲು ತುಂಬಾ ನಮ್ಮ ಸೋದರಮಾವ ನಿಂತಿದ್ದರು.

ನಿಲ್ಲಿಸಿ ಅಳೆದರೆ

ತಲೆಮಾರುಗಳಿಂದ ಅಲ್ಲಿದ್ದರೂ ನಮ್ಮ ಮನೆಮಾತು ಕನ್ನಡ. ಮಾವ ಕನ್ನಡದಲ್ಲಿ ಬೈಯುತ್ತಿದ್ದರು, ತಮಿಳಿನಲ್ಲಿ ನಟಿಸುತ್ತಿದ್ದರು. ಎರಡಕ್ಕೂ ಒಂದೇ ಗಂಟಲು. ಬೀದಿಯ ಕೊನೆಗೆ ಕೇಳುತ್ತಿತ್ತು. ಅವರನ್ನು ನಿಲ್ಲಿಸಿ ಅಳತೆ ತೆಗೆದು, ಕುತ್ತಿಗೆಯಿಂದ ಮೊಣಕಾಲವರೆಗೆ ಒಂದೇ ಉದ್ದಕ್ಕೆ ತಗಡು ಬಗ್ಗಿಸಿ ಬೆಸುಗೆ ಹಾಕಿದೆ. ಕೈಗೆ ಆಲಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿದೆ. ಅವರು ಅದನ್ನು ತೊಟ್ಟು ಅಂಗಡಿಯಿಂದ ಬಿಸಿಲಿಗೆ ಬಂದಾಗ ಪಕ್ಕದ ಪಾತ್ರೆ ಅಂಗಡಿಯವರ ಸುತ್ತಿಗೆ ಮೇಲೆತ್ತಿದ್ದು ಮೇಲೇ ನಿಂತಿತು. ನನ್ನ ಕೈಯಿಂದಲೇ ಆದ ಕೆಲಸ, ಆದರೂ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ದಿನಾ ನೋಡುವ ಮಾವ ಎಲ್ಲೋ ಹೋಗಿ, ಅವರ ಜಾಗದಲ್ಲಿ ಹೆಸರಿಲ್ಲದ ಯಾರೋ ಒಬ್ಬ ಹೊಳೆಯುತ್ತಾ ನಿಂತಿದ್ದ.

"ಹೀಗೇ ಬಸ್ಸಲ್ಲಿ ಪೆರಿಯಕುಳಂಗೆ ಬನ್ನಿ," ಅಂದರು ಮೇಷ್ಟ್ರು. "ಜನ ನೋಡಲಿ. ನಾಟಕಕ್ಕೆ ಬೇರೆ ಪ್ರಚಾರ ಬೇಡ."

ಬಸ್ಸು ಹತ್ತಲು ಕಾಲು ಎತ್ತಿದಾಗ ಗೊತ್ತಾಯಿತು, ಅಂಗಿ ಸೊಂಟದಲ್ಲಿ ಬಗ್ಗುವುದಿಲ್ಲ. ಎತ್ತಿ ಒಳಗೆ ನಿಲ್ಲಿಸೋಣ ಎಂದರೆ ತಲೆ ಸೂರಿಗೆ ಬಡಿಯುತ್ತದೆ. ಕಂಡಕ್ಟರ್ ಮಾವನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟ: "ಕೂರೋದಾದ್ರೆ ಮನುಷ್ಯ, ಕೂರದಿದ್ರೆ ಲಗೇಜು. ಮೇಲೆ ಹಾಕಿ."

ಮಾವನನ್ನು ಹಗ್ಗ ಕಟ್ಟಿ ಬಸ್ಸಿನ ಮೇಲೆ ಮಲಗಿಸಿದೆವು. ದಾರಿಯಲ್ಲಿ ಒಂದು ಊರಲ್ಲಿ ಬಸ್ಸು ನಿಂತಿತು. ಒಬ್ಬ ಮಾವಿನಹಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತಿದ. ಜಾಗ ಹುಡುಕಿ, ಇದೇನೋ ಹೊಸ ಟ್ರಂಕು ಎಂದುಕೊಂಡು ಬುಟ್ಟಿಯನ್ನು ಅದರ ಮೇಲೆ ಇಳಿಸಿದ.

"ಮೆಲ್ಲಗೆ ಇಡಪ್ಪಾ," ಅಂದಿತು ಟ್ರಂಕು.

ಆ ಮನುಷ್ಯ ಕೆಳಗಿಳಿದದ್ದನ್ನು ನಾನು ನೋಡಿದೆ. ಏಣಿ ಮಾತ್ರ ಅವನನ್ನು ನೋಡಲಿಲ್ಲ.

ಹೊಸಬರೇ, ಎದೆ ಬೇರೆ ಮಾಡಿ, ಸೊಂಟ ಬೇರೆ ಮಾಡಿ. ಬಣ್ಣ ಬಳಿಯುವ ಮೊದಲು ತೊಟ್ಟವರನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ನೋಡಿ.

ತಲೆಗೊಂದು ಕಿಟಕಿ

ಅಂಗಿಯನ್ನು ಸೊಂಟದಲ್ಲಿ ಕತ್ತರಿಸಿ ಎರಡು ತುಂಡು ಮಾಡಿದೆ. ಮೈ ಆಯಿತು, ತಲೆ ಬರಲಿಲ್ಲ. ತಗಡನ್ನು ಎಷ್ಟು ತಟ್ಟಿದರೂ ಅದು ಬಕೆಟ್ಟಾಗಿಯೇ ನಿಲ್ಲುತ್ತಿತ್ತು. ಬೇಸರವಾಗಿ ಮಾರ್ಕಯನ್‌ಕೋಟ್ಟೈಯಲ್ಲಿದ್ದ ಅಕ್ಕನ ಮನೆಗೆ ಊಟಕ್ಕೆ ಹೋದೆ. ಹಿತ್ತಲ ಕಲ್ಲಿನ ಮೇಲೆ ಅವಳ ಅಲ್ಯುಮಿನಿಯಂ ಇಡ್ಲಿ ಚಟ್ಟಿ ಬೋರಲು ಬಿದ್ದಿತ್ತು. ಅದರ ಬೆನ್ನ ಮೇಲೆ ಬಿಸಿಲು ಕೂತಿತ್ತು. ಕೈ ತೊಳೆಯಲು ಹೋದವನು ಹಾಗೇ ನಿಂತುಬಿಟ್ಟೆ. ಯಾವುದೋ ದೂರದ ಲೋಕದವನು ಕುತ್ತಿಗೆವರೆಗೆ ಭೂಮಿಯೊಳಗೆ ನಿಂತು ಬಿಸಿಲು ಕಾಯಿಸುತ್ತಿದ್ದ ಹಾಗಿತ್ತು. ನಾಟಕಕ್ಕೆ ಬೇಕು ಅಂತ ಕೇಳಿದೆ. ಅಕ್ಕ ಕೊಟ್ಟಳು; ಏನು ಮಾಡುತ್ತೀಯ ಎಂದು ಕೇಳಲಿಲ್ಲ.

ಚಟ್ಟಿಯ ಮುಂದೆ ಕಿಟಕಿ ಕೊರೆದು ಆಚೆಯದು ಕಾಣುವ ಕೆಂಪು ಗಾಜಿನ ಕಾಗದ ಅಂಟಿಸಿದೆ. ಉಸಿರಿಗೆ ದಾರಿ ಬಿಡಬೇಕೆಂದು ಹೊಳೆಯಲಿಲ್ಲ.

ಪೆರಿಯಕುಳಂನ ಶಾಲೆಯ ಮೈದಾನದಲ್ಲಿ ಸಂಜೆ ನಾಟಕ. ನಕ್ಷತ್ರದವನು ರಂಗಕ್ಕೆ ಬಂದ. ಅಷ್ಟರಲ್ಲೇ ಒಳಗೆ ಉಸಿರಿನ ಹಬೆ ಕಟ್ಟಿ ಮಾವನಿಗೆ ಏನೂ ಕಾಣದಾಗಿತ್ತು. ಜನರ ಕಡೆ ಬೆನ್ನು ಮಾಡಿ, ಬೆಟ್ಟಗಳ ಚಿತ್ರ ಬರೆದ ಹಿಂದಿನ ಪರದೆಯನ್ನು ನೋಡಿ ಗುಡುಗಿದರು: "ಮನುಷ್ಯರೇ!" ಚಟ್ಟಿಯೊಳಗಿಂದ ಆ ದನಿ ಬಾವಿಯೊಳಗಿಂದ ಬಂದಂತೆ ಬಂತು. ಅಳುತ್ತಿದ್ದ ಕೂಸುಗಳೂ ಬಾಯಿ ಮುಚ್ಚಿದವು.

"ತಿರುಗಿ! ತಿರುಗಿ!" ಎಂದು ಮೇಷ್ಟ್ರು ಪಕ್ಕದಿಂದ ಪಿಸುಗುಟ್ಟಿದರು. ಮಾವ ತಿರುಗಿದರು. ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಬೆಟ್ಟಕ್ಕೇ ಎದುರಾದರು.

ಮಾತು ಮುಂದುವರಿಯಿತು. ಆದರೆ ದನಿ ಇಳಿಯುತ್ತಾ ಬಂತು. ಕಾಲು ತಡವರಿಸಿತು. ಒಳಗೆ ಉಸಿರು ಕಟ್ಟುತ್ತಿದೆ ಎಂದು ನನಗೆ ತಟ್ಟನೆ ಹೊಳೆಯಿತು. ಪರದೆಯ ಹಿಂದಕ್ಕೆ ಓಡಿದೆ. ಬೆಟ್ಟದ ನಡುವೆ ಪರದೆ ಹರಿದ ಜಾಗವೊಂದಿತ್ತು. ಅಲ್ಲಿಂದ ಕೈ ತೂರಿಸಿ, ತಡಕಿ, ಚಟ್ಟಿಯನ್ನು ಮೆಲ್ಲಗೆ ಎತ್ತಿ ಹಿಡಿದೆ. ಮಾವ ಒಂದು ದೊಡ್ಡ ಉಸಿರು ಎಳೆದುಕೊಂಡರು. ಇಡೀ ಮೈದಾನಕ್ಕೆ ಕೇಳಿತು. ಮತ್ತೆ ದನಿ ಏರಿತು. ಜನ ಎದ್ದು ನಿಂತು ಕೈ ತಟ್ಟಿದರು.

ಮರುದಿನ ಶಾಲೆಯ ಹೆಡ್‌ಮಾಸ್ಟರು ಮೇಷ್ಟ್ರ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. "ನಮಗೆ ಬೆನ್ನು ತೋರಿಸಿ ಬೆಟ್ಟದ ಜೊತೆ ಮಾತಾಡಿದ. ಬೆಟ್ಟ ಕೈ ಚಾಚಿ ಅವನ ತಲೆ ಮುಟ್ಟಿತು. ಎಂಥ ಕಲ್ಪನೆ ಸಾರ್!"

"ಅದನ್ನು ಬರೆಯೋಕೇ ಕಷ್ಟ ಆದದ್ದು," ಅಂದರು ಮೇಷ್ಟ್ರು.

ಅಕ್ಕನೂ ನಾಟಕ ನೋಡಿದ್ದಳು. ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಏನ್ಲಾ ತಂಬಿ, ಎಲ್ಲಾ ಸಂದಾಕಿತ್ತು. ನನ್ನ ಚಟ್ಟಿಗೆ ಯಾಕ್ಲಾ ಕಿಟಕಿ ಇಟ್ಟೆ? ಒಳಗಿರೋ ಇಡ್ಲಿ ಬೀದಿ ನೋಡಬೇಕಾ?"

ಬಿಸಿಲಿಗೆ ಇಳಿದಾಗ

ಆಮೇಲೆ ಚಿನ್ನಮನೂರಿನವರು ನಾಟಕಕ್ಕೆ ಕರೆದರು. ಹಿಂದಿನ ದಿನ ಹಗಲು ಸುತ್ತಲಿನ ಹಳ್ಳಿಗಳಲ್ಲಿ ತಮಟೆಯವರೊಡನೆ ಮೆರವಣಿಗೆ ಹೋಗಬೇಕು. ಮಾವನಿಗೆ ಜ್ವರ. "ಮಾಡಿದವನೇ ತೊಟ್ಟು ನೋಡಲಿ, ಗೊತ್ತಾಗುತ್ತೆ," ಎಂದು ಅವರು ಕಂಬಳಿಯೊಳಗಿಂದ ಹೇಳಿದರು. ಸರಿ, ನಾನೇ ತೊಟ್ಟೆ.

ಚಟ್ಟಿ ತಲೆಗೆ ಇಳಿದ ಆ ಗಳಿಗೆಯನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ನೋಡಿದ ಕಣಿವೆ ಕೆಂಪಾಯಿತು. ಕೆಂಪು ಗದ್ದೆ, ಕೆಂಪು ತೆಂಗು, ಎರಡು ಕಡೆಯೂ ಕೆಂಡದಂಥ ಬೆಟ್ಟ. ನನ್ನ ಉಸಿರೇ ಯಾರೋ ಬೇರೆಯವರ ಉಸಿರಿನಂತೆ ಕಿವಿಗೆ ಬೀಳುತ್ತಿತ್ತು. ನಾನು ನಿಜವಾಗಿ ಬೇರೆ ಕಡೆಯಿಂದ ಬಂದವನು, ಇದನ್ನೆಲ್ಲ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ಇಷ್ಟು ಚಂದದ ಜಾಗದಲ್ಲಿ ಕೂತು ಬಕೆಟ್ಟು ಮಾಡುತ್ತಿದ್ದೆನಲ್ಲ ಎಂದುಕೊಂಡೆ.

ಆ ಯೋಚನೆ ಹುಣಸೆಮರದ ನೆರಳು ಇರುವವರೆಗೆ ಇತ್ತು. ಬಿಸಿಲಿಗೆ ಬಂದ ಸ್ವಲ್ಪ ಹೊತ್ತಿಗೆ ತಗಡು ಕಾದು ಬಾಣಲೆಯಾಯಿತು. ಒಳಗೆ ಬಟ್ಟೆಯ ಒಳಪದರ ಹೊಲಿಸಿರಲಿಲ್ಲ. ಭುಜ ಸುಟ್ಟಿತು, ತೊಡೆ ಸುಟ್ಟಿತು. ತಮಟೆಗೆ ತಕ್ಕ ಹಾಗೆ ಕುಣಿಯುತ್ತಿದ್ದೇನೆ ಎಂದು ತಿಳಿದು ತಮಟೆಯವರು ಇನ್ನೂ ಜೋರಾಗಿ ಬಾರಿಸಿದರು. ಮಾರ್ಕಯನ್‌ಕೋಟ್ಟೈ ಹತ್ತಿರ ಕಾಲುವೆ ಕಂಡದ್ದೇ ತಡ, ಏರಿಯಿಂದ ದಡಬಡನೆ ಇಳಿದು ನೀರಿಗೆ ಬಿದ್ದೆ. ಚುಂಯ್ ಎಂದು ಹಬೆ ಎದ್ದಿತು.

ಪಕ್ಕದ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದರು. ಸೊಂಟ ನೆಟ್ಟಗೆ ಮಾಡಿ ನೋಡಿದರು. ಕಾಲುವೆ ಮಧ್ಯೆ ಬೆಳ್ಳಗೆ ಹೊಳೆಯುವ ಒಬ್ಬ ಹಬೆ ಬಿಡುತ್ತಾ ಕೂತಿದ್ದಾನೆ. ಯಾರೂ ಕಿರುಚಲಿಲ್ಲ. ಒಬ್ಬಳು ನಾಲಗೆ ಹೊರಳಿಸಿ ಉಲುಲು ಎಂದು ಕುಲವೆ ಹಾಕಿದಳು. ಉಳಿದವರೆಲ್ಲ ಸೇರಿಕೊಂಡರು. ದೇವರು ಬಂದಾಗ ಹಾಕುವ ಕುಲವೆ ಅದು, ಗದ್ದೆಯಿಂದ ಗದ್ದೆಗೆ ಹೋಯಿತು. ನೀರಲ್ಲಿ ಕೂತಿದ್ದ ನನಗೆ ಏಳುವುದಕ್ಕೂ ತೋಚಲಿಲ್ಲ.

ಒಬ್ಬ ಮುದುಕಿ ಕೈ ಮುಗಿದುಕೊಂಡೇ ದಡಕ್ಕೆ ಬಂದಳು. ನಮ್ಮ ಮನೆಮಾತಿನಲ್ಲೇ ಕೇಳಿದಳು: "ಎಲ್ಲಿಂದ ಬಂದ್ರಿ ಸಾಮಿ?"

ವೇಷದ ಮರ್ಯಾದೆ ಉಳಿಸಬೇಕಲ್ಲ. ಕೈ ಎತ್ತಿ ಆಕಾಶ ತೋರಿಸಿ, "ಮೇಲಿಂದ," ಅಂದೆ.

ಮುದುಕಿ ನನ್ನನ್ನು ತಲೆಯಿಂದ ಕಾಲವರೆಗೆ ನೋಡಿದಳು. ಅವಳ ಮುಖದಲ್ಲಿ ಕನಿಕರ ಬಂತು.

"ಮೇಲೆ ಅಂದ್ರೆ ಕೊಡೈಕಾನಲ್ಲಾ? ಅದುಕ್ಕೇ ಇಷ್ಟೊಂದು ಹಾಕ್ಕೊಂಡಿದ್ದೀರಿ. ಅಲ್ಲಿ ಸಳಿ ಜಾಸ್ತಿಯಂತೆ. ಇಲ್ಲಿ ಬಿಚ್ಚಿ ಸಾಮಿ, ಬಿಚ್ಚಿ!"

ಬೀಗದ ವಿಷಯ

ಕೊನೆಗೆ ದಿಂಡುಕ್ಕಲ್. ದೊಡ್ಡ ಊರು, ಬಯಲಲ್ಲಿ ದೊಡ್ಡ ಸಭೆ. ಅಷ್ಟು ಹೊತ್ತಿಗೆ ನಾನು ಅಂಗಿಗೆ ಒಳಪದರ ಹೊಲಿಸಿದ್ದೆ, ತಲೆಗೆ ಗಾಳಿಕಂಡಿ ಬಿಟ್ಟಿದ್ದೆ. ಎದೆಯ ತಗಡು ಮಾತ್ರ ಒಂದು ಬದಿಗೆ ಕೀಲು, ಇನ್ನೊಂದು ಬದಿಗೆ ಕೊಂಡಿ ಇದ್ದ ಬಾಗಿಲಿನಂತಿತ್ತು. ಮಾವ ಆವೇಶದಿಂದ ಮಾತಾಡಿದಾಗೆಲ್ಲ ಕೊಂಡಿ ಬಿಚ್ಚಿ, ಬಾಗಿಲು ತೆರೆದು, ಒಳಗಿನ ಬನಿಯನ್ ಕಾಣುತ್ತಿತ್ತು.

ಊರು ಬೀಗಕ್ಕೆ ಹೆಸರಾದದ್ದು. ಬೀಗದ ಅಂಗಡಿಗೆ ಹೋಗಿ ಗಟ್ಟಿಯಾದದ್ದೊಂದು ಕೇಳಿದೆ. ಅಂಗಡಿಯ ಯಜಮಾನರೇ ಕೈಯಿಂದ ಮಾಡಿದ ಬೀಗ. ಅದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಟ್ಟು, "ಬೀಗದ ಕೈ ಇಲ್ಲದೆ ಇದನ್ನು ಯಾರೂ ತೆಗೆಯಲಾರರು. ನಾನೂ ಸೇರಿ," ಅಂದರು. ಬೀಗ ತಂದು, ಬೀಗದ ಕೈಯನ್ನು ಮೊದಲೇ ಮಾವನ ಕೈಗೆ ಕೊಟ್ಟೆ. ಅವರು ಅಂಗಿ ತೊಟ್ಟ ಮೇಲೆ ಬೀಗವನ್ನು ಕೊಂಡಿಗೆ ಜಡಿದೆ.

ಆ ಸಂಜೆಯಂಥ ನಾಟಕ ಮತ್ತೆ ಆಗಲಿಲ್ಲ. ಕೊನೆಗೆ ನಕ್ಷತ್ರದವನು ತನ್ನ ಮನೆ ಎಲ್ಲಿದೆ ಎಂದು ಆಕಾಶಕ್ಕೆ ಬೆರಳು ಮಾಡಿದಾಗ ಅಷ್ಟೂ ಜನ ತಲೆ ಎತ್ತಿದರು. ಆಗ ತಾನೇ ನಕ್ಷತ್ರಗಳು ಮೂಡಿದ್ದವು. ಪರದೆ ಎಳೆಯಬೇಕಾದವನು ಹಗ್ಗ ಹಿಡಿದುಕೊಂಡೇ ಮೇಲೆ ನೋಡುತ್ತಾ ನಿಂತ. ನಾನೂ ನೋಡಿದೆ. ಯಾರಿಗೂ ಕೈ ತಟ್ಟಲು ನೆನಪಾಗಲಿಲ್ಲ.

ರಂಗದ ಹಿಂದೆ ಬಂದ ಮಾವ, "ಬಿಚ್ಚಪ್ಪಾ, ಊಟ ಮಾಡಬೇಕು," ಅಂದರು.

"ಬೀಗದ ಕೈ ಕೊಡಿ ಮಾವ."

"ಭದ್ರವಾಗಿ ಇಟ್ಟಿದ್ದೀನಿ."

"ಎಲ್ಲಿ?"

"ಇಲ್ಲೇ, ಬನಿಯನ್ ಜೇಬಲ್ಲಿ," ಎಂದು ಎದೆ ತಟ್ಟಿಕೊಂಡರು. ಟಣ್ ಎಂದಿತು. ಆಗ ಅವರಿಗೂ ಗೊತ್ತಾಯಿತು.

ಕುಣಿಸಿ ನೋಡಿದೆವು. ಒಳಗೆ ಬೀಗದ ಕೈ ಟಿಣಿಟಿಣಿ ಎನ್ನುತ್ತಿತ್ತು, ಹೊರಗೆ ಬರಲಿಲ್ಲ. ತಗಡು ಕತ್ತರಿಸೋಣ ಎಂದರೆ ನನ್ನ ಕತ್ತರಿ ತೇನಿಯಲ್ಲಿ. ಮಾವನನ್ನು ಬೀಗದ ಯಜಮಾನರ ಹತ್ತಿರ ನಡೆಸಿಕೊಂಡು ಹೋದೆವು. ಅವರು ಒಂದು ತಂತಿ ಹಾಕಿದರು, ಇನ್ನೊಂದು ಹಾಕಿದರು. ಬೀಗ ಜಪ್ಪಯ್ಯ ಅನ್ನಲಿಲ್ಲ. ಹಾಗಾದ ಹಾಗೆಲ್ಲ ಅವರ ಮುಖ ಅರಳುತ್ತಾ ಹೋಯಿತು. ಪಕ್ಕದ ಅಂಗಡಿಗಳವರನ್ನು ಕೂಗಿ ಕರೆದರು. ಎಲ್ಲರೂ ಬಂದು, ದೀಪ ಹಿಡಿದು, ಬಗ್ಗಿ, ಬಾಯಿ ತೆರೆದು ನೋಡಿದರು. ನಕ್ಷತ್ರದವನನ್ನಲ್ಲ, ಬೀಗವನ್ನು.

"ಒಳಗೆ ಮನುಷ್ಯ ಇದ್ದಾನೆ ಅಣ್ಣಾಚ್ಚಿ!" ಎಂದು ನಾನು ಗೋಗರೆದೆ.

"ಇರಲಿ ತಂಬಿ. ಬೀಗ ಹೇಗೆ ನಿಂತಿದೆ ನೋಡು!"

"ಒಡೆದುಬಿಡಿ," ಅಂದರು ಮೇಷ್ಟ್ರು.

ಯಜಮಾನರು ಬೀಗದ ಮೇಲೆ ಕೈ ಮುಚ್ಚಿದರು. "ಸಾರ್, ನೀವು ಓದಿದವರು. ಹಾಗೆಲ್ಲ ಮಾತಾಡಬಾರದು."

ಮಾವನಿಗೆ ಹಸಿವು, ಸೆಕೆ, ಸಿಟ್ಟು ಮೂರೂ ಸೇರಿ ಮುಖ ಊದಿಕೊಂಡಿತ್ತು. ದೀಪದ ಹೊಗೆ ಮೂಗಿಗೆ ಹೋಯಿತು. ಒಮ್ಮೆ ಬಾಯಿ ತೆರೆದರು, ಕಣ್ಣು ಮುಚ್ಚಿದರು, ಇಡೀ ಬೀದಿ ನಡುಗುವ ಹಾಗೆ ಸೀನಿದರು.

ನಾನು ಬೆಸುಗೆ ಹಾಕಿದ್ದ ಕೀಲುಗಳು ಪಟಪಟನೆ ಕಿತ್ತುಹೋದವು. ಬಾಗಿಲು ಬೀಗದ ಬದಿಗೆ ಜೋತುಬಿತ್ತು. ಬನಿಯನ್ ತೊಟ್ಟ ಮಾವ ಹೊರಬಂದು, ಜೇಬಿನಿಂದ ಬೀಗದ ಕೈ ತೆಗೆದು, ನನ್ನ ಅಂಗೈಯಲ್ಲಿಟ್ಟು ಊಟಕ್ಕೆ ಹೊರಟರು.

ಬೀಗದ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು. "ನೋಡಿದ್ರಾ? ಎಲ್ಲಾ ಕಿತ್ತುಹೋಯ್ತು. ನನ್ನ ಬೀಗ ಅಲುಗಲಿಲ್ಲ!"

ಎದೆಯ ತಗಡನ್ನು ಬೀಗದ ಸಮೇತ ಕೇಳಿ ಇಟ್ಟುಕೊಂಡರು. ಮುಂದಿನ ಸಲ ನಾವು ದಿಂಡುಕ್ಕಲ್‌ಗೆ ಹೋದಾಗ ಅದು ಅವರ ಅಂಗಡಿಯ ಬಾಗಿಲ ಮೇಲೆ ಹೂವಿನ ಹಾರ ಹಾಕಿಕೊಂಡು ತೂಗುತ್ತಿತ್ತು. ಕೆಳಗೆ ದೊಡ್ಡ ತಮಿಳು ಅಕ್ಷರದ ಬೋರ್ಡು: "ಭೂಮಿಯವರ ಮಾತು ಬಿಡಿ. ನಕ್ಷತ್ರದಿಂದ ಬಂದವನ ಕೈಲೂ ಈ ಬೀಗ ತೆಗೆಯಲು ಆಗಲಿಲ್ಲ."